ಪ್ರೇರಿ ಶಾಲೆಯ ಗಂಟೆ ಮತ್ತು ವಹೀದಾ ಮೇಡಂ

“ಇಲ್ಲಿ ನೋಡೋಕೆ ಏನಿದೆ?” ಎಂದು ಕೇಳುವವರನ್ನು ಕಂಡರೆ ವಹೀದಾಗೆ ಮೈಯೆಲ್ಲ ಉರಿಯುತ್ತಿತ್ತು.

ಕೇಳುವವರೇನೂ ಕಡಿಮೆ ಇರಲಿಲ್ಲ. ಶಿಕಾಗೋದಿಂದ ಪಶ್ಚಿಮಕ್ಕೆ ತೊಂಬತ್ತು ಮೈಲಿ ಬಂದು ಹೆದ್ದಾರಿಯಿಂದ ಹಾಗನ್ ಗ್ರೋವ್ ಎಕ್ಸಿಟ್‌ನಲ್ಲಿ ಇಳಿದರೆ ಎಡಗಡೆ ಸಿಗುವ ಹದಿನೆಂಟು ರೂಮಿನ ಮೋಟೆಲ್ ಅವಳದು ಮತ್ತು ಅವಳ ಗಂಡ ಕಲೀಮನದು. ಅಲ್ಲಿ ತಂಗಿದವರು ಬೆಳಗ್ಗೆ ಕಾಫಿ ಹಿಡಿದು ಲಾಬಿಯ ಕಿಟಕಿಯಿಂದ ಆಚೆ ನೋಡುತ್ತಿದ್ದರು. ಮುಸುಕಿನ ಜೋಳ, ಸೋಯಾ, ಮತ್ತೆ ಮುಸುಕಿನ ಜೋಳ. ಅದರ ಮೇಲೆ ಆಕಾಶ. ಆಮೇಲೆ ಆ ಪ್ರಶ್ನೆ. ವಹೀದಾ ಕೌಂಟರ್ ಬಿಟ್ಟು ಎದ್ದು ಬಂದು ಬ್ರೋಷರ್ ಸ್ಟ್ಯಾಂಡಿನ ಮುಂದೆ ಅವರನ್ನು ಸಾಲಾಗಿ ನಿಲ್ಲಿಸಿ ಒಂದೊಂದೇ ತೆಗೆದು ಕೊಡುತ್ತಿದ್ದಳು. ಡಚ್ಚರು ಕಟ್ಟಿದ, ಈಗಲೂ ಹಿಟ್ಟು ಬೀಸುವ ಗಾಳಿಗಿರಣಿ. ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ಹಳೆಯ ಕಾಲುವೆ. ಸ್ಮಶಾನದ ಹಿಂದೆ, ನೇಗಿಲು ಮುಟ್ಟದೆ ಉಳಿದ ನಾಲ್ಕು ಎಕರೆ ಪ್ರೇರಿ ಹುಲ್ಲುಗಾವಲು. ಸೆಪ್ಟೆಂಬರಿನಲ್ಲಿ ಅಲ್ಲಿನ ಹುಲ್ಲು ಆಳೆತ್ತರ ದಾಟುತ್ತದೆ. ಈ ಸೀಮೆಯೆಲ್ಲ ಒಂದು ಕಾಲದಲ್ಲಿ ಹಾಗೆಯೇ ಇತ್ತು, ಸತ್ತವರು ಕಾವಲಿದ್ದ ಕಾರಣಕ್ಕೆ ಅಷ್ಟಾದರೂ ಉಳಿಯಿತು ಎಂದು ಹೇಳಿ, ಕೊನೆಗೆ, ಸ್ವಲ್ಪ ತಡೆದು, ಶಾಲೆಯ ಬ್ರೋಷರನ್ನು ಕೊಡುತ್ತಿದ್ದಳು.

ಆ ಶಾಲೆ ಪ್ರೇರಿಯ ಅಂಚಿನಲ್ಲೇ ಇತ್ತು. 1884ರ ಮರದ ಕಟ್ಟಡ. ಒಂದೇ ಕೋಣೆ, ಒಬ್ಬರೇ ಟೀಚರ್, ಎಂಟು ಕ್ಲಾಸು. ಮಧ್ಯದಲ್ಲಿ ಕಬ್ಬಿಣದ ಒಲೆ. 1951ರಲ್ಲಿ ಶಾಲೆ ಮುಚ್ಚಿದ ಮೇಲೆ ಊರಿನ ಹಿಸ್ಟಾರಿಕಲ್ ಸೊಸೈಟಿಯವರು ಅದನ್ನು ಉಳಿಸಿಕೊಂಡಿದ್ದರು. ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಹಳೆಯ ಕಾಲದ ಉಡುಪು ತೊಟ್ಟ ಟೀಚರೊಬ್ಬರು ಒಂದು ಗಂಟೆ ಪಾಠ ಮಾಡುತ್ತಿದ್ದರು. ಊರಿಗೆ ಬರುವ ಬಸ್ಸುಗಳೆಲ್ಲ ಮುಖ್ಯವಾಗಿ ಆ ಪಾಠಕ್ಕೇ ಬರುತ್ತಿದ್ದವು.

ವಹೀದಾಗೆ ಬೇಕಾಗಿದ್ದದ್ದೂ ಅದೊಂದೇ. ಆ ಒಂದು ಗಂಟೆ.

ಬೇಕೆನ್ನುವುದಕ್ಕೆ ಅವಳಿಗೆ ಹಕ್ಕಿತ್ತು. ಸಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷ ಏಕೋಪಾಧ್ಯಾಯ ಶಾಲೆ ನಡೆಸಿದವಳು ಅವಳು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ, ಐವತ್ತೆರಡು ಮಕ್ಕಳು, ಹಾಜರಿ ಹಾಕುವವಳೂ ಅವಳೇ, ಗಂಟೆ ಹೊಡೆಯುವವಳೂ ಅವಳೇ. ಮನೆಯಲ್ಲಿ ಉರ್ದು ಮಾತಾಡಿದರೂ ಸಿಟ್ಟು ಬಂದರೆ ಅವಳಿಗೆ ಕನ್ನಡವೇ ಬರುತ್ತಿತ್ತು, ಏಕೆಂದರೆ ಒಂಬತ್ತು ವರ್ಷ ಅವಳು ಗದರಿದ್ದೆಲ್ಲ ಕನ್ನಡದಲ್ಲಿ. 1994ರಲ್ಲಿ ಇಲ್ಲಿಗೆ ಬಂದಾಗ ಟಿ.ಸಿ.ಎಚ್. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ತಂದಿದ್ದಳು. ಇಲ್ಲಿ ಕಲಿಸಬೇಕಾದರೆ ಮತ್ತೆ ನಾಲ್ಕು ವರ್ಷ ಓದಬೇಕೆಂದರು. ಮಗಳು ದಾನಿಯಾ ಆಗ ಚಿಕ್ಕವಳು, ಮೋಟೆಲ್ ಹೊಸದು. ಸರ್ಟಿಫಿಕೇಟು ಸೂಟ್‌ಕೇಸಿನಲ್ಲೇ ಉಳಿಯಿತು. ವಹೀದಾ ದಿನಕ್ಕೆ ಹದಿನೆಂಟು ಹಾಸಿಗೆಯ ಚಾದರ ಬದಲಿಸುತ್ತ ಒಂಬತ್ತು ವರ್ಷ ಕಳೆದಳು.

ಶಾಲೆಗೆ ವಾಲಂಟಿಯರ್ ಆಗಿ ಸೇರಿ ಎರಡು ವರ್ಷವಾಗಿತ್ತು. ಪಾಠದ ಹದಿನಾಲ್ಕು ಪುಟದ ಸ್ಕ್ರಿಪ್ಟು ಅವಳಿಗೆ ಬಾಯಿಪಾಠ. ಆದರೆ ಅವಳ ಪಾಲಿಗೆ ಬಂದದ್ದು ನೆಲ ಗುಡಿಸುವುದು, ಹಿತ್ತಾಳೆಯ ಕೈಗಂಟೆ ಹೊಡೆಯುವುದು, ಟಾಯ್ಲೆಟ್ ಎಲ್ಲಿದೆ ಎಂದು ತೋರಿಸುವುದು. ಸೊಸೈಟಿಯ ಅಧ್ಯಕ್ಷೆ ಡೋರಿಸ್, ಎಪ್ಪತ್ತನಾಲ್ಕು ವರ್ಷದವಳು, ಆ ಶಾಲೆ ಕಟ್ಟಿದವರ ಮರಿಮಗಳು. ಕೆಟ್ಟವಳೆಂದು ಹೇಳುವ ಹಾಗೂ ಇರಲಿಲ್ಲ. ಕಲೀಮನಿಗೆ ಆಪರೇಷನ್ ಆದ ಚಳಿಗಾಲದಲ್ಲಿ, ಹಂದಿಮಾಂಸ ಹಾಕಿಲ್ಲ ಎಂದು ಚೀಟಿ ಅಂಟಿಸಿ ಮೂರು ಸಲ ಅಡುಗೆ ಕಳಿಸಿದ್ದಳು. ಆದರೆ ಪಾಠದ ಮಾತೆತ್ತಿದರೆ ಮುಂದಿನ ಸೀಸನ್ ನೋಡೋಣ ಎನ್ನುತ್ತಿದ್ದಳು. ನಿನ್ನ ಉಚ್ಚಾರಣೆ, ನೋಡಲು ಬಂದವರಿಗೆ ಅರ್ಥವಾಗಬೇಕಲ್ಲ ಎಂದಳು ಒಮ್ಮೆ. ಇನ್ನೊಮ್ಮೆ, ತಲೆಯ ಮೇಲಿನ ಸ್ಕಾರ್ಫ್ ಆ ಕಾಲಕ್ಕೆ ಒಪ್ಪುವುದಿಲ್ಲ ಎಂದಳು. ಕತ್ತಿನಿಂದ ಕಾಲಿನವರೆಗೆ ಬಟ್ಟೆ, ಉದ್ದ ತೋಳು, ಮುಚ್ಚಿದ ತಲೆ: ಗೋಡೆಯ ಫೋಟೋದಲ್ಲಿದ್ದ 1890ರ ಟೀಚರಮ್ಮನಿಗೂ ತನಗೂ ಏನು ವ್ಯತ್ಯಾಸ ಎಂದು ವಹೀದಾ ಮನೆಗೆ ಬಂದು ಪಾತ್ರೆ ಕುಕ್ಕಿದಳು. ಕಲೀಮ್ ಟಿವಿಯ ಸದ್ದು ಕಡಿಮೆ ಮಾಡಿ, “ಆ ಫೋಟೋದಲ್ಲಿರೋಳು ನಗ್ತಾಳೆ ಸ್ವಲ್ಪ,” ಎಂದ.

ಸ್ಲೇಟುಗಳದು ಬೇರೆಯೇ ಉರಿ. ಬಂದವರ ಕಣ್ಣಿಗೆ ಹೊಳೆಯಲೆಂದು ಸೊಸೈಟಿಯವರು ಹಳೆಯ ಸ್ಲೇಟುಗಳಿಗೆ ಮರದ ಸಾಮಾನಿಗೆ ಹಚ್ಚುವ ಎಣ್ಣೆ ತಿಕ್ಕಿದ್ದರು. ಅದರ ಮೇಲೆ ಬಳಪ ಜಾರುತ್ತಿತ್ತೇ ಹೊರತು ಬರೆಯುತ್ತಿರಲಿಲ್ಲ. ಮಕ್ಕಳು ಬರೆದಂತೆ ಕೈಯಾಡಿಸಿ ಸುಮ್ಮನಾಗುತ್ತಿದ್ದರು. ಎರಡು ಸಲ ಹೇಳಿ, ಯಾರೂ ಕಿವಿಗೊಡದಿದ್ದಾಗ ವಹೀದಾ ಭಾರತದಿಂದ ಬರುತ್ತಿದ್ದ ತಮ್ಮನ ಕೈಲಿ ಹನ್ನೆರಡು ಸ್ಲೇಟು, ಎರಡು ಡಬ್ಬಿ ಬಳಪ ತರಿಸಿದಳು. ಮೋಟೆಲ್ ಹಿಂದೆ ಬೆಳೆದ ಹಾಗಲ ಬಳ್ಳಿಯ ಎಲೆ ಅರೆದು, ಇದ್ದಿಲ ಪುಡಿ ಸೇರಿಸಿ, ಸಿರಾದಲ್ಲಿ ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಮಾಡುತ್ತಿದ್ದ ಹಾಗೆಯೇ ಒಂದೊಂದಕ್ಕೂ ಉಜ್ಜಿ ಒಣಗಿಸಿದಳು. ಶಾಲೆಯ ಕೊನೆಯ ಬೆಂಚಿನ ಕೆಳಗೆ ಇಟ್ಟಳು. ಯಾವಾಗಲಾದರೂ ಬೇಕಾದೀತು.

2003ರ ಸೆಪ್ಟೆಂಬರಿನಲ್ಲಿ ಡೋರಿಸ್ ಫೋನ್ ಮಾಡಿದಳು. ಶನಿವಾರ ಶಿಕಾಗೋ ಕಡೆಯಿಂದ ಬಸ್ಸು ಬರುತ್ತಿದೆ, ನಿಮ್ಮ ಜನವಂತೆ, ನಲವತ್ತೊಂದು ಮಂದಿ, ನೀನಿದ್ದರೆ ಚೆನ್ನ ಎಂದಳು. ವಹೀದಾ, ಪಾಠ ನಾನು ಮಾಡಲೇ ಎಂದು ಕೇಳಿದಳು. ಪಾಠ ಎಂದಿನಂತೆ ಲಿನೆಟ್‌ಳದು, ನೀನು ಗಂಟೆ ನೋಡಿಕೋ ಎಂದಳು ಡೋರಿಸ್.

ಬಸ್ಸು ಹನ್ನೊಂದಕ್ಕೆ ಬಂತು. ಕನ್ನಡ ಸಂಘದ ಪ್ರವಾಸ. ಭಾರತದಿಂದ ಬಂದಿದ್ದ ತಂದೆತಾಯಂದಿರು, ಮಕ್ಕಳು, ಪುಳಿಯೋಗರೆಯ ದೊಡ್ಡ ದೊಡ್ಡ ಡಬ್ಬಿಗಳು. ಗಾಳಿಗಿರಣಿ, ಕಾಲುವೆ ಮುಗಿಸಿ ಬಂದಿದ್ದರು. ಮುಂದಾಳು ಪದ್ಮನಾಭ ಎಂಬ ಎಂಜಿನಿಯರ್, ಶಿಕಾಗೋ ಹೊರವಲಯದ ಗ್ಲೆಂಡೇಲ್ ಹೈಟ್ಸಿನವನು, ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ. ಬಾಗಿಲಲ್ಲಿ ನಿಂತಿದ್ದ ವಹೀದಾಳ ಸ್ಕಾರ್ಫ್ ನೋಡಿ ನಕ್ಕು ಕೇಳಿದ.

“ಆಂಟೀಜಿ, ಬಾತ್‌ರೂಮ್ ಕಿಧರ್ ಹೈ?”

“ಹಿಂದುಗಡೆ ಇದೆ. ಬಾಗಿಲು ಒಳಕ್ಕೆ ತಳ್ಳಿ, ಎಳೀಬೇಡಿ.”

“ಅರೆ, ಕನ್ನಡ ಎಷ್ಟ್ ಚೆನ್ನಾಗಿ ಮಾತಾಡ್ತೀರಿ ಆಂಟಿ. ಎಲ್ಲಿ ಕಲಿತ್ರಿ?”

“ಸಿರಾದಲ್ಲಿ,” ಎಂದಳು ವಹೀದಾ. “ನೀವು?”

ಆ ಕುಟುಕು ಅವನಿಗೆ ತಿಳಿಯಲಿಲ್ಲ. ಮೈಸೂರು ಎಂದು ಸಂತೋಷದಿಂದ ಹೇಳಿ ಹಿಂದುಗಡೆ ಹೋದ. ವಹೀದಾ ಗಂಟೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಬೆಂಗಳೂರಿನ ಬಸ್ಸಿನಲ್ಲಿ, ಶಿಕಾಗೋದ ಡೆವನ್ ಅವೆನ್ಯೂದ ದಿನಸಿ ಅಂಗಡಿಯಲ್ಲಿ, ಈಗ ಈ ಜೋಳದ ಹೊಲದ ನಡುವೆ, ಅದೇ ಹೊಗಳಿಕೆ. ತನ್ನ ಮನೆಗೇ ಬಂದವರು ಬಾಗಿಲಲ್ಲಿ ನಿಂತು, ಪರವಾಗಿಲ್ಲ ನೀವೂ ಒಳಗೆ ಬನ್ನಿ ಎಂದ ಹಾಗೆ.

ಪಾಠ ಶುರುವಾಯಿತು. ಲಿನೆಟ್ ಮನೆ ಮಾರುವ ಏಜೆಂಟಾಗಿದ್ದು ನಿವೃತ್ತಳಾದವಳು, ನಾಟಕವೆಂದರೆ ಪ್ರಾಣ. ಹಳೆಯ ಕಾಲದ ಬಾನೆಟ್ ಟೋಪಿ ಕಟ್ಟಿಕೊಂಡು ರೂಲರಿನಿಂದ ಮೇಜನ್ನು ಬಡಿದಳು. ಜನ ಬೆಚ್ಚಿಬಿದ್ದು ನಕ್ಕರು. ಹಳೆಯ ಕಾಲದ ಟೀಚರೆಂದರೆ ಬಡಿಯುವುದು, ಗದರುವುದು, ಮೂಲೆಗೆ ನಿಲ್ಲಿಸುವುದು: ಸ್ಕ್ರಿಪ್ಟಿನ ಹದಿನಾಲ್ಕು ಪುಟದಲ್ಲಿದ್ದದ್ದು ಅಷ್ಟೇ. ವಹೀದಾ ಹಿಂದೆ ಗೋಡೆಗೊರಗಿ ನಿಂತಿದ್ದಳು.

ಮೊದಲ ಬೆಂಚಿನಲ್ಲಿ ಪದ್ಮನಾಭನ ಮಗಳು ತನ್ಮಯಿ, ಆರು ವರ್ಷದವಳು. ಹೆಸರು ಬರೆ ಎಂದಳು ಲಿನೆಟ್. ಬಳಪ ಎಣ್ಣೆಯ ಮೇಲೆ ಜಾರಿತು. ಮಗು ಒತ್ತಿ ಬರೆಯಿತು; ಮತ್ತೂ ಜಾರಿತು. ಇದು ವರ್ಕ್ ಆಗ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿತು. ಲಿನೆಟ್ ಕಾಯುತ್ತಿದ್ದದ್ದೇ ಅದಕ್ಕೆ. ಕೆಲಸ ಮಾಡದಿರುವುದು ಸ್ಲೇಟಲ್ಲ, ನೀನು ಎಂದು, ದಡ್ಡರಿಗೆಂದು ಇಟ್ಟಿದ್ದ ಉದ್ದನೆಯ ಕಾಗದದ ಟೋಪಿಯನ್ನು ಮಗುವಿನ ತಲೆಗೆ ಹಾಕಿ, ಕೈಹಿಡಿದು ಮೂಲೆಯ ಸ್ಟೂಲಿನ ಮೇಲೆ ನಿಲ್ಲಿಸಿದಳು.

ಎಲ್ಲರೂ ನಕ್ಕರು. ಏಳೆಂಟು ಕ್ಯಾಮೆರಾಗಳು ಎದ್ದವು. ಪದ್ಮನಾಭ, “ತನು, ಸ್ಮೈಲ್,” ಎಂದ. ಮಗುವಿನ ತಾಯಿ ಪದ್ಮಜಾ ಬೆಂಚಿನಿಂದ ಅರ್ಧ ಎದ್ದಳು. ಗಂಡನನ್ನು ನೋಡಿದಳು, ಲಿನೆಟ್‌ಳನ್ನು ನೋಡಿದಳು, ಸುತ್ತ ನಗುತ್ತಿದ್ದವರನ್ನು ನೋಡಿದಳು. ಇದು ಆಟವೋ ಅಲ್ಲವೋ, ಎದ್ದರೆ ಅಸಭ್ಯವಾಗುವುದೋ ಏನೋ. ಮತ್ತೆ ಕೂತಳು. ಕೂತು, ಚೀಲದಿಂದ ಟಿಶ್ಯೂ ತೆಗೆದು ಸುಮ್ಮನೆ ಮಡಿಸತೊಡಗಿದಳು.

ವಹೀದಾ ನೋಡುತ್ತಿದ್ದದ್ದು ಮಗುವಿನ ಹಿಮ್ಮಡಿಗಳನ್ನು. ಎರಡೂ ಒಂದಕ್ಕೊಂದು ಒತ್ತಿಕೊಂಡಿದ್ದವು. ಇನ್ನೊಂದು ನಿಮಿಷವಾದರೆ ಆ ನಲವತ್ತು ಜನರ ಮುಂದೆ, ಆ ಕ್ಯಾಮೆರಾಗಳ ಮುಂದೆ, ಸ್ಟೂಲು ಒದ್ದೆಯಾಗುತ್ತದೆ.

ಅವಳ ಮೊದಲ ವರ್ಷದಲ್ಲಿ ಸತ್ಯ ಎಂಬ ಹುಡುಗನನ್ನು ಅವಳೇ ಹೀಗೆ ಮೂಲೆಯಲ್ಲಿ ನಿಲ್ಲಿಸಿದ್ದಳು. ಅವನು ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡು, ಮಕ್ಕಳು ನಕ್ಕಿದ್ದಕ್ಕೆ ನಾಲ್ಕು ದಿನ ಶಾಲೆಯ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ವಹೀದಾ ಎರಡು ಮೈಲಿ ನಡೆದು ಅವನ ಮನೆಗೆ ಹೋಗಿ ಕರೆತಂದಳು. ಆಮೇಲೆ ಅವಳ ಶಾಲೆಯಲ್ಲಿ ಮೂಲೆ ಎಂಬುದು ಪೊರಕೆ ಇಡುವ ಜಾಗ ಮಾತ್ರ.

ವಹೀದಾ ಬೆಂಚುಗಳ ನಡುವೆ ನಡೆದು ಹೋಗಿ ಮಗುವನ್ನು ಸ್ಟೂಲಿನಿಂದ ಎತ್ತಿಕೊಂಡಳು. ಟೋಪಿಯನ್ನು ಒಲೆಯ ಮೇಲಿಟ್ಟು ಹೊರಗೆ ಹೋದಳು. ಮಗುವನ್ನು ಟಾಯ್ಲೆಟ್ಟಿಗೆ ಕಳಿಸಿ ಬಾಗಿಲಲ್ಲಿ ಕಾದಳು. ಮರಳಿ ಬಂದಾಗ ಲಿನೆಟ್ ನಗುತ್ತಲೇ, ಶಿಕ್ಷೆ ಇನ್ನೂ ಮುಗಿದಿಲ್ಲ ಎಂದು ಸ್ಟೂಲು ತೋರಿಸಿದಳು.

“ಮುಗಿದಿದೆ,” ಎಂದಳು ವಹೀದಾ ಇಂಗ್ಲಿಷಿನಲ್ಲಿ. ರೂಲರನ್ನು ಲಿನೆಟ್‌ಳ ಕೈಯಿಂದ ತೆಗೆದುಕೊಂಡು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದಳು. ಆಮೇಲೆ ಕ್ಲಾಸಿನ ಕಡೆ ತಿರುಗಿದಳು. ಒಂಬತ್ತು ವರ್ಷ ಒಳಗಿದ್ದ ಗಂಟಲು ಹೊರಬಂತು.

“ಎಲ್ಲಾರೂ ಎದ್ದೇಳಿ. ಫೋಟೋ ಸಾಕು. ಒಬ್ಬ ದೊಡ್ಡೋರ ಪಕ್ಕ ಒಬ್ಬ ಚಿಕ್ಕೋರು ಕೂತ್ಕೊಳ್ಳಿ. ಗಂಡ ಹೆಂಡತಿ ಒಂದೇ ಬೆಂಚಲ್ಲಿ ಬೇಡ, ಮಾತಾಡ್ತೀರಿ.”

ನಲವತ್ತೊಂದು ಜನ ಎದ್ದರು. ಅದು ಟೀಚರಿನ ದನಿ. ಕೇಳಿದ ಮೇಲೆ ಎದ್ದು ನಿಲ್ಲದವರು ಯಾರೂ ಅಲ್ಲಿರಲಿಲ್ಲ.

ಕೊನೆಯ ಬೆಂಚಿನ ಕೆಳಗಿಂದ ತನ್ನ ಹನ್ನೆರಡು ಸ್ಲೇಟು ತೆಗೆದು ಹಂಚಿದಳು. ಬಳಪ ಕಿರ್ರೆಂದು ಬಿಳಿ ಗೆರೆ ಎಳೆದಾಗ ಮುದುಕರ ಸಾಲಿನಿಂದ ಒಂದು ಉಸಿರು ಹೊರಟಿತು. ಒಬ್ಬರಂತೂ ಬಳಪವನ್ನು ಮೂಗಿಗೆ ಹಿಡಿದು, ಯಾರೂ ನೋಡುತ್ತಿಲ್ಲವೆಂದುಕೊಂಡು ತುದಿ ಕಚ್ಚಿದರು. ವಹೀದಾ ಹಿಂದಿನ ಎರಡು ಬೆಂಚಿಗೆ ಮಗ್ಗಿ ಕೊಟ್ಟಳು, ನಡುವಿನವರಿಗೆ ಕಾಪಿ, ಮುಂದಿನವರಿಗೆ ಅಕ್ಷರ. ಒಂದು ಕೋಣೆಯಲ್ಲಿ ನಾಲ್ಕು ಕ್ಲಾಸು ನಡೆಯುವುದು ಹೀಗೆ: ಟೀಚರ್ ಎಲ್ಲರ ಬಳಿ ಒಂದೇ ಸಲ ಇರಲಾರಳು, ಆದ್ದರಿಂದ ದೊಡ್ಡವರು ಚಿಕ್ಕವರಿಗೆ ಹೇಳಿಕೊಡಬೇಕು, ಕಲಿಸುವಾಗ ದೊಡ್ಡವರ ತಪ್ಪು ಅವರಿಗೇ ಸಿಕ್ಕುತ್ತದೆ, ಟೀಚರ್ ನಡುವೆ ಓಡಾಡುತ್ತ ಎಲ್ಲ ಬೆಂಚಿಗೂ ಒಂದೊಂದು ಕಿವಿ ಕೊಟ್ಟಿರಬೇಕು.

ತನ್ಮಯಿ ಕೂತದ್ದು ತಾತ ರವಿಶಂಕರರ ಪಕ್ಕ, ಪದ್ಮಜಾಳ ತಂದೆ. ಅವರ ಮಂಡಿ ಬೆಂಚಿನಡಿ ಸಿಕ್ಕಿಹಾಕಿಕೊಂಡಿತ್ತು. ಮೊಮ್ಮಗಳ ಕೈಹಿಡಿದು ‘ತ’ ಬರೆಸಿದರು. ಅದು ಡಕ್ ಥರ ಇದೆ ಎಂದಿತು ಮಗು ಇಂಗ್ಲಿಷಿನಲ್ಲಿ. ಹಾಗಾದರೆ ಇನ್ನೊಂದು ಬಾತುಕೋಳಿ ಬರೆ ಎಂದರು ಅವರು. ಹಿಂದಿನ ಬೆಂಚಿನಲ್ಲಿ ಪದ್ಮನಾಭ ಏಳೆಂಟಲ ಐವತ್ತನಾಲ್ಕು ಎಂದ. ಪಕ್ಕದಲ್ಲಿದ್ದ ಹತ್ತು ವರ್ಷದ ಹುಡುಗಿ ‘ಫಿಫ್ಟಿ ಸಿಕ್ಸ್, ಅಂಕಲ್’ ಎಂದು ಅಳಿಸಿ ಬರೆದಳು. ಇಡೀ ಕೋಣೆ ಗುಜುಗುಜು ಎನ್ನುತ್ತಿತ್ತು. ವಹೀದಾಗೆ ಗೊತ್ತಿದ್ದ, ಒಂಬತ್ತು ವರ್ಷದಿಂದ ಕೇಳದ ಸದ್ದು ಅದು.

ನಲವತ್ತು ನಿಮಿಷ. ಗಂಟೆ ಹೊಡೆದವಳೂ ಅವಳೇ.

ಹೊರಗೆ ಬಂದಾಗ ಪದ್ಮಜಾ ಹತ್ತಿರ ಬಂದಳು. ಮಡಿಸಿದ ಟಿಶ್ಯೂ ಇನ್ನೂ ಕೈಯಲ್ಲಿತ್ತು.

“ಮೇಡಂ, ಅವಳಿಗೆ ಅರ್ಜೆಂಟ್ ಅಂತ ನಿಮಗೆ ಹೇಗೆ ಗೊತ್ತಾಯ್ತು? ನಂಗೇ ಗೊತ್ತಾಗ್ಲಿಲ್ಲ.”

“ನೀವು ಎದ್ದು ಯಾಕೆ ಮತ್ತೆ ಕೂತ್ರಿ?”

“ಎಲ್ಲಾರೂ ನಗ್ತಾ ಇದ್ರಲ್ಲ ಮೇಡಂ.”

“ಮಗು ನಗ್ತಾ ಇರ್ಲಿಲ್ಲ,” ಎಂದಳು ವಹೀದಾ. ಅವಳ ಮೇಲೂ ಸಿಟ್ಟಿತ್ತು. ಪದ್ಮಜಾಳ ಕಣ್ಣು ತುಂಬಿದ್ದು ನೋಡಿಯೂ ಆ ಮಾತನ್ನು ಮೆದು ಮಾಡಲಿಲ್ಲ.

ಪದ್ಮನಾಭನಿಗೆ ಮಾತ್ರ ಎಲ್ಲವೂ ಬಹಳ ಇಷ್ಟವಾಗಿತ್ತು. ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವಕ್ಕೆ ಬಂದು ಐದು ನಿಮಿಷ ಮಾತಾಡಿ, ನಿಮ್ಮಂಥವರು ಕನ್ನಡದಲ್ಲಿ ಮಾತಾಡಿದರೆ ಎಲ್ಲರಿಗೂ ಸ್ಪೆಷಲ್ ಆಗಿರುತ್ತೆ ಎಂದ.

“ಸ್ಪೆಷಲ್ ಆಗಿ ಬರಲ್ಲ,” ಎಂದಳು ವಹೀದಾ. “ನಿಮ್ಮ ಮಕ್ಕಳಿಗೆ ಟೀಚರ್ ಬೇಕಾದ್ರೆ ಹೇಳಿ, ಪ್ರತಿ ಭಾನುವಾರ ಬರ್ತೀನಿ.”

ಅವನು ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದ.

ಬಸ್ಸು ಹೋದ ಮೇಲೆ ಡೋರಿಸ್ ಬಂದಳು. ಲಿನೆಟ್ ಕಾರಿನಲ್ಲಿ ಕೂತು ಅಳುತ್ತಿದ್ದಾಳೆ ಎಂದಳು. ಸ್ಲೇಟಿನ ಎಣ್ಣೆ, ಮಗು, ಸ್ಟೂಲು, ಎಲ್ಲವನ್ನೂ ವಹೀದಾ ಹೇಳಿದಳು. ಡೋರಿಸ್ ಕೊನೆಯವರೆಗೂ ಕೇಳಿ, ಅದೆಲ್ಲ ಇರಬಹುದು, ಆದರೆ ನಮಗೊಂದು ಪ್ರೋಗ್ರಾಂ ಇದೆ ಎಂದು ಕೈ ಚಾಚಿದಳು. ವಹೀದಾ ಶಾಲೆಯ ಬೀಗದ ಕೈ ಕೊಟ್ಟಳು. ಅವಳ ಸ್ಲೇಟುಗಳು ಒಳಗೇ ಉಳಿದವು. ಗಂಟೆ ಮಾತ್ರ ಆಗಲೇ ಅವಳ ಕಾರು ಸೇರಿತ್ತು; ತಿಂಗಳಿಗೊಮ್ಮೆ ಮನೆಗೆ ಒಯ್ದು ಹುಣಸೆಹಣ್ಣಿನಲ್ಲಿ ಬೆಳಗಿ ತರುವುದು ಅವಳ ರೂಢಿ.

ಬುಧವಾರ ಡೋರಿಸ್ ಫೋನ್ ಮಾಡಿದಳು. ದನಿ ಮೆತ್ತಗಿತ್ತು. ಬಸ್ಸಿನವರಿಂದ ಒಳ್ಳೆಯ ಪತ್ರ ಬಂದಿದೆ, ಬೋರ್ಡಿನವರು ಯೋಚಿಸಿದ್ದಾರೆ, ಇನ್ನು ಮೇಲೆ ಪಾಠದ ಕೊನೆಗೆ ಹತ್ತು ನಿಮಿಷ ನಿನಗೆ. ನಿಮ್ಮ ದೇಶದ ಶಾಲೆಯ ಬಗ್ಗೆ ಹೇಳು, ಬಣ್ಣದ ಉಡುಪು ಹಾಕಿಕೊಂಡು ಬಾ ಎಂದಳು. ವಹೀದಾ, ಪಾಠ ಪೂರ್ತಿ ಒಂದು ಗಂಟೆ, ನನ್ನ ರೀತಿಯಲ್ಲಿ, ಇಲ್ಲವಾದರೆ ಬೇಡ ಎಂದಳು. ಡೋರಿಸ್ ನಿಟ್ಟುಸಿರುಬಿಟ್ಟು, ಹತ್ತು ನಿಮಿಷ ಯಾವಾಗಲೂ ನಿನ್ನದೇ, ಮನಸ್ಸಾದರೆ ಬಾ ಎಂದು ಫೋನ್ ಇಟ್ಟಳು.

ಕಲೀಮ್ ಪಕ್ಕದಲ್ಲೇ ಟವೆಲ್ ಮಡಿಸುತ್ತಿದ್ದ. “ಹತ್ತು ನಿಮಿಷ ಆದ್ರೂ ಸಿಕ್ತಲ್ಲ. ತಗೋಬಾರ್ದಾ?” ಎಂದ.

“ನೀವು ರೂಮನ್ನ ಹತ್ತು ನಿಮಿಷಕ್ಕೆ ಬಾಡಿಗೆಗೆ ಕೊಡ್ತೀರಾ?”

ಕಲೀಮ್ ಟವೆಲ್ ಎತ್ತಿಕೊಂಡು ಹೊರಗೆ ಹೋದ. ಬಾಗಿಲಾಚೆ ಅವನು ನಗುವುದು ಕೇಳಿ ಅವಳಿಗೆ ಇನ್ನಷ್ಟು ಕೋಪ ಬಂತು.

ಶನಿವಾರ ಗಂಟೆ ಕೊಟ್ಟು, ಸ್ಲೇಟು ತೆಗೆದುಕೊಂಡು ಬಂದುಬಿಡೋಣವೆಂದು ಹೊರಟಳು. ಶಾಲೆಯ ಮುಂದೆ ಶಾಲಾಮಕ್ಕಳ ಹಳದಿ ಬಸ್ಸು ನಿಂತಿತ್ತು. ಪಾಠ ನಡೆಯುತ್ತಿತ್ತು. ವಹೀದಾ ಕಿಟಕಿಯ ಬಳಿ ನಿಂತಳು.

ಒಳಗೆ ಇಪ್ಪತ್ತು ಮಕ್ಕಳು. ಒಬ್ಬ ದೊಡ್ಡವನ ಪಕ್ಕ ಒಬ್ಬ ಚಿಕ್ಕವನು. ಬೆಂಚಿನ ಮೇಲೆ ಅವಳ ಹನ್ನೆರಡು ಸ್ಲೇಟು. ಬಳಪದ ಸದ್ದು. ಸ್ಟೂಲು ಇರಲಿಲ್ಲ, ಟೋಪಿಯೂ ಇರಲಿಲ್ಲ. ಲಿನೆಟ್ ಹೊಸದಾಗಿ ಟೈಪ್ ಮಾಡಿದ ಹಾಳೆ ಹಿಡಿದು ಓದುತ್ತಿದ್ದಳು: ಹಳೆಯ ಕಾಲದ ಪ್ರೇರಿ ಶಾಲೆಗಳಲ್ಲಿ ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದರು, ಅದು ಇಲ್ಲಿನ ವಿಶೇಷ.

ವಹೀದಾಳ ಕಿವಿಯಲ್ಲಿ ರಕ್ತ ನುಗ್ಗಿದ ಹಾಗಾಯಿತು. ಅವಳ ಸ್ಲೇಟು ಬಂದಿತ್ತು, ಅವಳ ಪಾಠ ಬಂದಿತ್ತು. ಸಿರಾದ ಆ ಕೋಣೆಯಲ್ಲಿ ಗಂಟಲು ಹರಿದುಕೊಂಡು ಅವಳು ಕಂಡುಕೊಂಡದ್ದೆಲ್ಲ ಈ ಕೋಣೆಯೊಳಗೆ ಹೋಗಿತ್ತು. ಅವಳೊಬ್ಬಳು ಹೊರಗೆ ನಿಂತಿದ್ದಳು.

ಗಡಿಯಾರ ನೋಡಿಕೊಂಡಳು. ಹನ್ನೊಂದು ಐವತ್ತು. ಪಾಠ ಮುಗಿಯುವುದು ಹನ್ನೆರಡಕ್ಕೆ.

ಮೆಟ್ಟಿಲ ಮೇಲೆ ನಿಂತು ಗಂಟೆ ಎತ್ತಿ ಹೊಡೆದಳು. ನಿಲ್ಲಿಸದೆ, ಸಿರಾದ ಹಳ್ಳಿಯಲ್ಲಿ ಹೊಲದಂಚಿಗೂ ಕೇಳಲಿ ಎಂದು ಹೊಡೆಯುತ್ತಿದ್ದ ಹಾಗೆ ಹೊಡೆದಳು. ಮಕ್ಕಳಿಗೆ ಗಂಟೆಯೆಂದರೆ ಗಂಟೆ. ಬಾಗಿಲು ದಡಾರೆಂದು ತೆರೆದು ಇಪ್ಪತ್ತೂ ಹೊರಗೆ ಸುರಿದವು. ಹಿಂದೆಯೇ ಲಿನೆಟ್ ಹಾಳೆ ಹಿಡಿದು ಬಂದಳು, ಆಮೇಲೆ ಡೋರಿಸ್, ಮುಖ ಕೆಂಪಾಗಿತ್ತು.

“ಇನ್ನೂ ಹತ್ತು ನಿಮಿಷ ಇತ್ತು,” ಎಂದಳು ಡೋರಿಸ್.

“ಆ ಹತ್ತು ನಿಮಿಷ ನನ್ನದು,” ಎಂದಳು ವಹೀದಾ. “ಯಾವಾಗಲೂ ನನ್ನದೇ ಅಂತ ನೀವೇ ಹೇಳಿದ್ದೀರಿ.”

ಬೆಳಗಿದ ಗಂಟೆಯನ್ನು ಡೋರಿಸಳ ಕೈಗೆ ಕೊಟ್ಟಳು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಮಕ್ಕಳ ಕಡೆ ತಿರುಗಿ, ದೊಡ್ಡವರು ಚಿಕ್ಕವರ ಕೈ ಹಿಡಿದುಕೊಳ್ಳಿ, ಒಬ್ಬರನ್ನೂ ಬಿಡಬೇಡಿ ಎಂದಳು. ಎದುರಿಗೆ ಪ್ರೇರಿಯ ಹುಲ್ಲು ಅವಳಿಗಿಂತ ಎತ್ತರ ನಿಂತಿತ್ತು. ಸಿಟ್ಟು ಇನಿತೂ ಇಳಿದಿರಲಿಲ್ಲ. ಅದರ ಜೊತೆಗೇ ಅವಳು ಹುಲ್ಲಿನೊಳಗೆ ನಡೆದಳು, ಇಪ್ಪತ್ತು ಮಕ್ಕಳೂ ಹಿಂದೆ ಸಾಲಾಗಿ ಬಂದವು.